1.6ರ ಬಳಿ ಒಂದು ಉಬ್ಬು

ನವೆಂಬರ್ 11, ಮಂಗಳವಾರ, ಮುಂಜಾನೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಳಕಲ್ಲಿನ ನೂಲಿನ ಬಣ್ಣದ ಶೆಡ್ಡೊಂದರಲ್ಲಿ, ಸ್ಟೂಲಿನ ಮೇಲೆ ಇಟ್ಟಿದ್ದ ಗಾಜಿನ ಲೋಟದ ಕೆಂಪು ನೀರು ಅಷ್ಟು ಹೊತ್ತಿಗೆ ತಿಳಿಯಾಗಿರಬೇಕಿತ್ತು. ಆಗಿರಲಿಲ್ಲ. ಇನ್ನೂ ಅರ್ಧ ತಾಸು ಕಾದೆವು. ಕೆಂಪು ಸ್ವಲ್ಪ ಇಳಿದು, ಚಹಾದ ಬಣ್ಣಕ್ಕೆ ಬಂದು ಅಲ್ಲಿಯೇ ನಿಂತಿತು.

ನಾನು ಬಾಗಲಕೋಟೆಯ ಒಂದು ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಯೋಜನಾ ಸಹಾಯಕಿ. ನಮ್ಮ ಯೋಜನೆ ಕಬ್ಬಿಣ ಮತ್ತು ಆಮ್ಲಜನಕದಿಂದ ಆದ ಒಂದು ಕಂದು ಪುಡಿಯದು. ಬಣ್ಣ ಹಾಕಿ ಉಳಿದ ನೀರಿಗೆ ಇದನ್ನು ಬೆರೆಸಿ, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬಣ್ಣದ ಅಣುಗಳು ಒಡೆಯುತ್ತವೆ. ಪುಡಿ ತಾನು ಖರ್ಚಾಗದೆ ಕೆಲಸ ಮಾಡಿಸುತ್ತದೆ. ಅದಕ್ಕೇ ಅದನ್ನು ಕ್ರಿಯಾವರ್ಧಕ ಎನ್ನುತ್ತಾರೆ. ಲೋಟದ ತಳದಲ್ಲಿ ಕೂತ ಪುಡಿಯ ಮೇಲೆ ಹೊಸ ಬಣ್ಣದ ನೀರು ಸುರಿಯುತ್ತ ಹೋಗಬಹುದು. ಸೆಪ್ಟೆಂಬರ್ 9ರಂದು ಮಾಡಿದ ಮೊದಲ ಪುಡಿ ಹೀಗೆ ಒಂದರ ಹಿಂದೊಂದು ಹನ್ನೊಂದು ಲೋಟ ತಿಳಿ ಮಾಡಿತ್ತು. ಪೆರಾಕ್ಸೈಡ್ ಇಲ್ಲದೆ ಬರೀ ಪುಡಿ ಹಾಕಿದ ಲೋಟ ಕೆಂಪಾಗಿಯೇ ಉಳಿದಿತ್ತು. ಎಂದರೆ ಪುಡಿ ಬಣ್ಣವನ್ನು ಹೀರಿಕೊಂಡು ಮೋಸ ಮಾಡುತ್ತಿರಲಿಲ್ಲ. ಅಕ್ಟೋಬರ್ 14ರಂದು ಮಾಡಿದ ಎರಡನೆಯ ಪುಡಿ ಮೊದಲ ಲೋಟದಲ್ಲೇ ಸೋತಿತು.

ಪ್ರಯೋಗಾಲಯದಲ್ಲಿ ಒಮ್ಮೆಗೆ ಐದು ಗ್ರಾಂ ಮಾತ್ರ ಮಾಡಲು ಆಗುತ್ತದೆ. ಕಿಲೋ ಲೆಕ್ಕದಲ್ಲಿ ಬೇಕಾದಾಗ ಈ ಶೆಡ್ಡಿನ ದೊಡ್ಡ ಸ್ಟೀಲ್ ಡಬರಿಯನ್ನೇ ಬಳಸಿದ್ದೆವು. ಎರಡು ಪುಡಿಗೂ ಡಬರಿ ಅದೇ, ವಿಧಾನವೂ ಅದೇ. ಬಿಸಿನೀರಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಬೇಕು. ಅದಕ್ಕೆ ಕಬ್ಬಿಣದ ನೈಟ್ರೇಟ್ ದ್ರಾವಣವನ್ನು ಸಣ್ಣ ಧಾರೆಯಾಗಿ ಬಿಡಬೇಕು. ಕೆಳಗಿಳಿದ ಕಂದು ರಾಡಿಯನ್ನು ತೊಳೆದು, ಬಟ್ಟೆಯಲ್ಲಿ ಸೋಸಿ, ಮಾಳಿಗೆಯ ಮೇಲೆ ಒಣಗಿಸಬೇಕು.

ಶೆಡ್ಡನ್ನು ನಡೆಸುವವರು ಐವತ್ತರ ಆಸುಪಾಸಿನ ಹೆಣ್ಣುಮಗಳು. ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಬಣ್ಣದ ನೀರು ಗಟಾರಕ್ಕೆ ಬಿಡಕೂಡದೆಂದು ಅವರಿಗೆ ನೋಟಿಸು ಬಂದಿತ್ತು. ಡಿಸೆಂಬರ್ 29ಕ್ಕೆ ಅಧಿಕಾರಿ ಬಂದು ನೋಡುವವರಿದ್ದರು. ಅಷ್ಟರಲ್ಲಿ ವ್ಯವಸ್ಥೆ ಆಗದಿದ್ದರೆ ಶೆಡ್ಡಿಗೆ ಬೀಗ. ಕಾಲೇಜಿನವರು ಪುಡಿ ಕೊಡುತ್ತಾರೆ, ತೊಟ್ಟಿ ಕಟ್ಟಿಸುತ್ತೇನೆ ಎಂದು ಅಕ್ಕಾರು ಬರೆದುಕೊಟ್ಟಿದ್ದರು. ಆ ಮಾತಿಗೆ ನಮ್ಮ ಹನ್ನೊಂದು ಲೋಟಗಳೇ ಆಧಾರ.

ನನ್ನ ಮೊದಲ ಅನುಮಾನ ಪೆರಾಕ್ಸೈಡಿನ ಮೇಲೆ. ಬಿಸಿಲಿಗೆ ಅದು ಸತ್ವ ಕಳೆದುಕೊಳ್ಳುತ್ತದೆ. ಚೀಲದಲ್ಲಿ ಮೊದಲ ಪುಡಿಯ ಒಂದು ಪೊಟ್ಟಣವಿತ್ತು. ಅದನ್ನು ಬೇರೆ ಲೋಟಕ್ಕೆ ಹಾಕಿ, ಅದೇ ಬಾಟಲಿಯ ಪೆರಾಕ್ಸೈಡ್ ಸುರಿದೆ. ಇಪ್ಪತ್ತು ನಿಮಿಷಕ್ಕೆ ನೀರು ತಿಳಿಯಾಯಿತು. ಪರೀಕ್ಷೆಯಾಗಿ ಅದು ಸರಿಯೇ ಇತ್ತು, ಆದರೆ ಅಕ್ಕಾರ ಎದುರಿಗೆ ಮಾಡಬಾರದಿತ್ತು.

“ತೋರ್ಸೂದೊಂದು, ಕೊಡೂದೊಂದು,” ಎಂದರು ಅಕ್ಕಾರು. “ಬೀಜದ ಅಂಗಡ್ಯಾಗ ಹಿಂಗ ಮಾಡ್ತಾರವಾ. ಸಾಲಿ ಕಲ್ತವ್ರೂ ಮಾಡ್ತಾರಂತ ಗೊತ್ತಿರಲಿಲ್ಲ.”

“ಎರಡೂ ನಿಮ್ಮ ಡಬರ್ಯಾಗ ಮಾಡಿದ್ದರಿ ಯಕ್ಕಾ.”

“ಡಬರಿ ನಂದು. ಪುಡಿ ನಿಮ್ದು.”

ಹುನಗುಂದದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಅಲ್ಲಿ ಕೋರ್ಟಿಗೆ ಬಂದವರು ಇಳಿದ ಮೇಲೆ ಸೀಟು ಸಿಕ್ಕಿತು. ಅಕ್ಕಾರ ಮಾತು ನನ್ನನ್ನು ಬೇರೆ ಕಡೆಗೆ ಎಳೆಯುತ್ತಿತ್ತು. ಮೊದಲ ಪುಡಿ ಒಣಗಿದ ಮೇಲೆ ಅದನ್ನು ಜರಡಿ ಹಿಡಿದು ಬಾಟಲಿಗೆ ತುಂಬಿದವರು ನಮ್ಮ ಹಿರಿಯ ಸಹೋದ್ಯೋಗಿ. ಎರಡನೆಯದನ್ನು ತುಂಬಿದವಳು ನಾನು. ಮೊದಲ ಪುಡಿಯ ಯಶಸ್ಸಿನ ಮೇಲೆ ಅವರು ಆಗಲೇ ಒಂದು ಪ್ರಬಂಧ ಬರೆಯಲು ತೊಡಗಿದ್ದರು. ಅವರೇ ಅದರಲ್ಲಿ ಏನಾದರೂ ಬೆರೆಸಿದ್ದರೆ?

ಕಾಲೇಜಿನ ಎಕ್ಸ್-ರೇ ಯಂತ್ರದಲ್ಲಿ ಎರಡೂ ಪುಡಿಗಳನ್ನು ಇಟ್ಟು ನೋಡಿದೆ. ಹರಳುಗಳಿದ್ದ ವಸ್ತು ಆ ಯಂತ್ರದಲ್ಲಿ ಚೂಪಾದ ಶಿಖರಗಳನ್ನು ಕೊಡುತ್ತದೆ. ನಮ್ಮ ಪುಡಿಯಲ್ಲಿ ಅಂಥ ಕ್ರಮವಿಲ್ಲ, ಪರಮಾಣುಗಳು ಅಡ್ಡಾದಿಡ್ಡಿ. ಎರಡಕ್ಕೂ ಎರಡೆರಡು ಮೊಂಡ ಗುಡ್ಡಗಳು ಬಂದವು, ಒಂದರ ಮೇಲೊಂದು ಇಟ್ಟರೆ ಕೂಡುವಂಥವು. ಎರಡೂ ಒಂದೇ ಎಂದು ಯಂತ್ರ ಹೇಳಿತು. ಲೋಟ ಬೇರೆಯೆಂದು ಹೇಳುತ್ತಿತ್ತು. ನಾನು ಲೋಟವನ್ನು ನಂಬಿದೆ.

ಕ್ರಮವಿಲ್ಲದ ವಸ್ತುವಿನ ಒಳಗನ್ನು ನೋಡಲು ಬೇರೆ ದಾರಿಯಿದೆ. ಕೆರೂರಿನ ಸಂತೆಯ ಗದ್ದಲವನ್ನು ನೆನೆಸಿಕೊಳ್ಳಿ. ಅಲ್ಲಿ ಸಾಲಿಲ್ಲ, ಸರದಿಯಿಲ್ಲ. ಆದರೂ ಒಬ್ಬ ಮನುಷ್ಯನಿಂದ ಹತ್ತಿರದ ಮನುಷ್ಯ ಎಷ್ಟು ದೂರ, ಅವನ ಆಚೆಯವನು ಎಷ್ಟು ದೂರ ಎಂದು ಎಲ್ಲರಿಂದಲೂ ಅಳೆದು ಕೂಡಿಸಿದರೆ ಕೆಲವು ದೂರಗಳು ಹೆಚ್ಚು ಸಲ ಬರುತ್ತವೆ. ಪರಮಾಣುಗಳಿಗೂ ಹಾಗೆಯೇ. ಹೆಚ್ಚು ಶಕ್ತಿಯ ಎಕ್ಸ್-ರೇ ಹಾಯಿಸಿ, ಚೂಪು ಶಿಖರಗಳನ್ನಷ್ಟೇ ಅಲ್ಲದೆ ಎಲ್ಲ ಕೋನಗಳಿಗೂ ಚದುರಿದ ಕಿರಣವನ್ನು ಪೂರ್ತಿ ಅಳೆದು ಗಣಿತಕ್ಕೆ ಹಾಕಿದರೆ ಪರಮಾಣು ಜೋಡಿಗಳ ನಡುವಿನ ದೂರಗಳ ಗೆರೆ ಸಿಗುತ್ತದೆ. ಅಳತೆ ಆಂಗ್‌ಸ್ಟ್ರಾಮಿನಲ್ಲಿ. ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು.

ಅಂಥ ಯಂತ್ರ ನಮ್ಮ ಜಿಲ್ಲೆಯಲ್ಲಿಲ್ಲ. ಹೊರ ರಾಜ್ಯದ ಒಂದು ಸಂಶೋಧನಾ ಕೇಂದ್ರ ನಮಗೆ ನವೆಂಬರ್ 24 ಮತ್ತು 25 ಕೊಟ್ಟಿತು. ಹಿರಿಯರೂ ನಾನೂ ರೈಲಿನಲ್ಲಿ ಹೋದೆವು. ಪುಡಿಯ ಬಾಟಲಿಗಳನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ. ಅವರು ಅದನ್ನು ಗಮನಿಸಿದರು.

ಪುಡಿಯನ್ನು ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ಗಾಜಿನ ನಳಿಕೆಯಲ್ಲಿ ತುಂಬಿ ಕಿರಣದ ಎದುರು ತಿರುಗಿಸಬೇಕು. ಒಂದೊಂದಕ್ಕೆ ಎಂಟು ತಾಸು. ಖಾಲಿ ನಳಿಕೆಯನ್ನೂ ಅಷ್ಟೇ ಹೊತ್ತು ಅಳೆದು, ಅದರ ಪಾಲನ್ನು ಕಳೆಯಬೇಕು. ಗಾಳಿ ಚದುರಿಸಿದ್ದನ್ನು ಕಳೆಯಬೇಕು, ಕಬ್ಬಿಣ ತಾನೇ ಹೊರಬಿಡುವ ಬೆಳಕನ್ನೂ ಕಳೆಯಬೇಕು. ಕಳೆಯುವುದು ಹೆಚ್ಚಾದರೂ ಸುಳ್ಳು ಹುಟ್ಟುತ್ತದೆ, ಕಡಿಮೆಯಾದರೂ ಹುಟ್ಟುತ್ತದೆ.

ಬಾಗಲಕೋಟೆಗೆ ಮರಳಿ ಲೆಕ್ಕ ಹಾಕಿದಾಗ ಎರಡು ಗೆರೆಗಳು ಮೊದಲ ಸಲ ಬೇರೆಯಾದವು. ಎರಡರಲ್ಲೂ 2.0 ಆಂಗ್‌ಸ್ಟ್ರಾಮಿಗೆ ದೊಡ್ಡ ಉಬ್ಬು, ಕಬ್ಬಿಣದಿಂದ ಆಮ್ಲಜನಕದ ದೂರ. ಮೂರರ ಮೇಲೆ ಎರಡು ಉಬ್ಬು, ಕಬ್ಬಿಣದಿಂದ ಕಬ್ಬಿಣಕ್ಕೆ. ಆಮೇಲೆ ಮೊದಲ ಪುಡಿಯ ಗೆರೆ ಎಂಟರ ಹೊತ್ತಿಗೆ ಸಪಾಟಾಗಿಬಿಟ್ಟಿತು. ಅದರ ಪರಮಾಣು ಗುಂಪುಗಳು ಅಷ್ಟು ಸಣ್ಣವು; ಗುಂಪು ಸಣ್ಣದಾದಷ್ಟೂ ಕೆಲಸಕ್ಕೆ ಒದಗುವ ಮೈ ಹೆಚ್ಚು. ಎರಡನೆಯದರ ಗೆರೆ ಹದಿನೈದರ ಆಚೆಗೂ ಏರಿಳಿಯುತ್ತಿತ್ತು. ಮಾಳಿಗೆಯ ಬಿಸಿಲಿನಲ್ಲೇ ಅದು ಸಾಲು ಕಟ್ಟಿಕೊಳ್ಳಲು ಶುರು ಮಾಡಿತ್ತು. ಇನ್ನೊಂದು ವ್ಯತ್ಯಾಸ ಚಿಕ್ಕದು. ಮೊದಲ ಪುಡಿಯಲ್ಲಿ 2.0ಕ್ಕಿಂತ ಮುಂಚೆ, 1.6ರ ಬಳಿ, ಒಂದು ಸಣ್ಣ ಉಬ್ಬು. ಎರಡನೆಯದರಲ್ಲಿ ಅದಿಲ್ಲ.

ಕಬ್ಬಿಣ ಅಷ್ಟು ಹತ್ತಿರಕ್ಕೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. 1.6 ಸಿಲಿಕಾನ್ ಮತ್ತು ಆಮ್ಲಜನಕದ ದೂರ. ಮರಳಿನಲ್ಲಿ, ಗಾಜಿನಲ್ಲಿ ಸಿಗುವ ದೂರ. ನಾವು ಸಿಲಿಕಾನನ್ನು ಹಾಕಿಯೇ ಇರಲಿಲ್ಲ.

ಹಿರಿಯರು ಗೆರೆ ನೋಡಿ ಕೈ ಒದರಿದರು. “ಗಾಜಿನ್ಯಾಗ ತುಂಬಿ, ಗಾಜು ಕಂಡ್ತಂತ ಹೌಹಾರಿದ್ರ ಹೆಂಗವಾ? ಆ ನಳಿಕಿ ಗ್ವಾಡಿ ಒಂಚೂರು ದಪ್ಪ ಇದ್ದೀತು.”

ಇರಬಹುದು. ಆದರೆ ಈ ಉತ್ತರ ಬೇಗ ಬಂದಿತ್ತು, ಮತ್ತು ಅವರಿಗೆ ಅನುಕೂಲವಾಗಿತ್ತು. ಉಬ್ಬನ್ನು ನಾನು ಒಂದೊಂದಾಗಿ ವಿಚಾರಿಸತೊಡಗಿದೆ. ಮೊದಲು ಅದು ಗಣಿತದ ಸುಳ್ಳೇ ಎಂದು. ಅಳತೆಯನ್ನು ಯಾವುದೋ ಕೋನದಲ್ಲಿ ಕತ್ತರಿಸಲೇಬೇಕು. ಕತ್ತರಿಸಿದ್ದರಿಂದ ದೊಡ್ಡ ಉಬ್ಬಿನ ಅಕ್ಕಪಕ್ಕ ಹುಸಿ ಅಲೆಗಳು ಏಳುತ್ತವೆ. ಕತ್ತರಿಸುವ ಜಾಗ ಬದಲಿಸಿದರೆ ಹುಸಿ ಅಲೆ ಜಾಗ ಬದಲಿಸುತ್ತದೆ, ನಿಜವಾದದ್ದು ನಿಂತಲ್ಲೇ ನಿಲ್ಲುತ್ತದೆ. ಏಳು ಕಡೆ ಕತ್ತರಿಸಿ ನೋಡಿದೆ. ಉಬ್ಬು ದಪ್ಪಗಾಯಿತು, ತೆಳ್ಳಗಾಯಿತು, 1.6 ಬಿಟ್ಟು ಕದಲಲಿಲ್ಲ.

ಆಮೇಲೆ ಧೂಳು. ನಾನು ಬಾದಾಮಿಯವಳು. ಗಾಳಿ ಎದ್ದರೆ ಕೆಂಪು ಕಲ್ಲಿನ ಮರಳು ರೊಟ್ಟಿಯ ಬುಟ್ಟಿಯೊಳಗೂ ಸೇರುತ್ತದೆ ಎಂಬುದು ಗೊತ್ತು. ಮಾಳಿಗೆಯ ಮೇಲೆ ಒಣಗಿದ ಪುಡಿಗೆ ಮರಳು ಬಿದ್ದಿರಬಹುದು. ಆದರೆ ಮರಳು ಹರಳು. ಬಿದ್ದಿದ್ದರೆ ಕಾಲೇಜಿನ ಯಂತ್ರವೇ ಅದರ ಚೂಪು ಶಿಖರ ತೋರಿಸುತ್ತಿತ್ತು. ತೋರಿಸಿರಲಿಲ್ಲ. ಸಿಲಿಕಾದಿಂದಲೇ ಆದ ಅಗೇಟ್ ಕಲ್ಲಿನ ಖಲಬತ್ತಿನಲ್ಲಿ ಅರೆದಾಗ ಕಲ್ಲು ಸವೆದು ಸೇರಿತೇ? ಎರಡೂ ಪುಡಿಗಳನ್ನು ಅದರಲ್ಲೇ ಅರೆದಿದ್ದೆವು.

ಉಳಿದದ್ದು ಕಪಾಟು. ಅದರಲ್ಲಿ ಸಿಲಿಕಾ ಜೆಲ್ಲಿನ ಒಂದು ಬಾಟಲಿ ಇತ್ತು. ಬಿಳಿ ಪುಡಿ, ಹರಳಿಲ್ಲದ್ದು, 1.6 ಕೊಡುವಂಥದ್ದು. ಅದರ ಮುಚ್ಚಳದ ಪಟ್ಟಿ ಹರಿದಿತ್ತು. ನವೆಂಬರ್ 28ರ ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದಾಗ, ಹಿರಿಯರನ್ನು ಆ ಬಾಟಲಿಯನ್ನು ಯಾರು ತೆಗೆದಿದ್ದರೆಂದು ಕೇಳಿದೆ.

ಅವರು ನನ್ನ ಕಡೆ ತಿರುಗಿದರು. “ನೆಟ್ಟಗ ಕೇಳು. ನಾ ಕಲಸೇನಿ ಅಂತ ನಿನಗನಸ್ತೈತಿ.”

“ಅನಸ್ತೈತ್ರಿ ಸರ್.”

“ಹಂಗಿದ್ರ ಕಲಸಿ ಅಳಿ. ನಿನ್ನ ಎರಡನೇ ಪುಡಿಗೆ ಈ ಜೆಲ್ ಕಲಸು. ಮೊದಲನೇದರ ಹಂಗ ಬಂತಂದ್ರ ನಾ ಕಳ್ಳ. ಪೊಟ್ಟಣ ನೀನ ಕಟ್ಟು, ನಾ ಮುಟ್ಟೂದಿಲ್ಲ.” ಬಾಗಿಲ ಬಳಿ ನಿಂತು, “ಬಾಟ್ಲಿ ತಗದಾಂವ ನಾನ. ಕ್ಯಾಮರಾದ ಪೆಟಿಗ್ಯಾಗ ಪಸಿ ಹಿಡಿತೈತಂತ ಒಂದ ಚಮಚೆ ಒಯ್ದಿದ್ದೆ. ಅದನ್ನೂ ನಂಬಬ್ಯಾಡ,” ಎಂದು ಹೋದರು.

ನಂಬಲಿಲ್ಲ. ಮೂರು ಪೊಟ್ಟಣ ಕಟ್ಟಿದೆ: ಮೊದಲ ಪುಡಿ, ಎರಡನೆಯ ಪುಡಿ, ಎರಡನೆಯದಕ್ಕೆ ಜೆಲ್ ಬೆರೆಸಿದ್ದು. ಯಾವುದನ್ನೂ ಅರೆಯಲಿಲ್ಲ. ಗಾಜಿನ ಬದಲು ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ಕಿನ ನಳಿಕೆಯಲ್ಲಿ ಅಳೆಯಬೇಕೆಂದು ಕೇಂದ್ರದವರಿಗೆ ಬರೆದು, ಪೊಟ್ಟಣಗಳ ಮೇಲೆ ಹೆಸರಿಲ್ಲದೆ ಬರೀ ಗುರುತು ಹಾಕಿ ಕಳಿಸಿದೆ. ಯಾವುದು ಯಾವುದೆಂದು ಅಳೆಯುವವರಿಗೂ ತಿಳಿಯಬಾರದು ಎಂದು.

ಡಿಸೆಂಬರ್ 5ಕ್ಕೆ ಕಡತಗಳು ಬಂದವು. ಗಾಜು ಇಲ್ಲದಿದ್ದರೂ ಮೊದಲ ಪುಡಿಯ ಉಬ್ಬು ಹಾಗೆಯೇ ಇತ್ತು. ಜೆಲ್ ಬೆರೆಸಿದ ಪೊಟ್ಟಣದಲ್ಲೂ 1.6 ಎದ್ದಿತ್ತು. ಒಂದು ಕ್ಷಣ ಹಿರಿಯರು ಸಿಕ್ಕಿಬಿದ್ದರು ಎಂದುಕೊಂಡೆ. ಆಮೇಲೆ ಗೆರೆಯ ಬಲಗಡೆಗೆ ಕಣ್ಣು ಹೋಯಿತು. ಜೆಲ್ ಬೆರೆಸಿದರೂ ಎರಡನೆಯ ಪುಡಿಯ ಏರಿಳಿತ ಹದಿನೈದರ ಆಚೆಗೂ ಇದ್ದಂತೆಯೇ ಇತ್ತು. ಪಕ್ಕದಲ್ಲಿ ಸಿಲಿಕಾ ಸುರಿದರೆ ಕಬ್ಬಿಣದ ಗುಂಪು ಸಣ್ಣದಾಗುವುದಿಲ್ಲ. ಮೊದಲ ಪುಡಿಯಲ್ಲಿ ಗುಂಪುಗಳೇ ಸಣ್ಣವು. ಎಂದರೆ ಸಿಲಿಕಾನ್ ಆಮೇಲೆ ಬಂದದ್ದಲ್ಲ. ಕಬ್ಬಿಣ ನೀರಿನಿಂದ ಇಳಿಯುವಾಗಲೇ ಅಲ್ಲಿತ್ತು. ಗುಂಪುಗಳ ಅಂಚಿಗೆ ಕಚ್ಚಿಕೊಂಡು ಅವು ಬೆಳೆಯದಂತೆ, ಬಿಸಿಲಿಗೂ ಸಾಲುಗಟ್ಟದಂತೆ ತಡೆದಿತ್ತು.

ಒಣಗಿದ ಮೇಲೆ ಮುಟ್ಟಿದವರ ಕೈಯಲ್ಲಿ ಆಗುವ ಕೆಲಸ ಇದಲ್ಲ. ಹಿರಿಯರಿಗೆ ಎರಡೂ ಗೆರೆ ತೋರಿಸಿದೆ. ಅವರು ಪ್ರಬಂಧದ ಕರಡನ್ನು ತೆಗೆದು ಬದಿಗಿಟ್ಟರು. “ಈಗ ಡಬರಿ ಕೇಳು,” ಎಂದರು.

ಡಿಸೆಂಬರ್ 7, ಭಾನುವಾರ, ಇಳಕಲ್ಲಿಗೆ ಹೋದೆ. ಅಕ್ಕಾರು ಕೂರು ಎನ್ನಲಿಲ್ಲ. ಡಬರಿ ಗೋಡೆಗೆ ಒರಗಿತ್ತು, ಒಳಗೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅದರಲ್ಲಿ ದಿನಾ ಏನು ಮಾಡುತ್ತೀರಿ ಎಂದು ಕೇಳಿದೆ. ಬಣ್ಣ ಹಾಕುವ ಮೊದಲು ನೂಲನ್ನು ಬಿಳುಪು ಮಾಡುವುದು ಅದರಲ್ಲೇ, ಪೆರಾಕ್ಸೈಡ್ ಹಾಕಿ. ಪೆರಾಕ್ಸೈಡ್ ಒಮ್ಮೆಲೇ ಉಕ್ಕಿ ಹಾಳಾಗದಿರಲು ಜೇನಿನಷ್ಟು ಮಂದನೆಯ ಇನ್ನೊಂದು ದ್ರವ ಸೇರಿಸುತ್ತಾರೆ. ಕ್ಯಾನು ತೋರಿಸಿದರು. ಸೋಡಿಯಂ ಸಿಲಿಕೇಟ್.

“ಮೊದಲನೇ ಸಲ ಪುಡಿ ಮಾಡಿದಾಗ ಡಬರಿ ಹಿಂಗ ಹೊಳೀತಿತ್ತೇನ್ರಿ ಯಕ್ಕಾ?”

“ಎಲ್ಲಿ ಹೊಳೀತೈತಿ? ಬೆಳ್ಳಗ ಹಕ್ಕಳಿ ಹಿಡದಿತ್ತು. ಖಂಡೇ ಪೂಜಿ ಮುಂದ ಕೆರದು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದ್ವಿ. ಪೂಜಿಗೆ ಇಡೂ ಡಬರಿ ಹೊಲಸ ಇಡಾಕ ಬರ್ತೈತೇನು? ಅವತ್ತಿಂದ ವಾರಕ್ಕೊಮ್ಮೆ ತಿಕ್ಕತೇವಿ.”

ಖಂಡೇ ಪೂಜೆ ಮಹಾನವಮಿಗೆ, ದುಡಿಯುವ ಮನೆಗಳಲ್ಲಿ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುವ ದಿನ. ಮೊದಲ ಪುಡಿ ಅದಕ್ಕೆ ಮುಂಚಿನದು, ಎರಡನೆಯದು ಅದರ ನಂತರದ್ದು. ನಮ್ಮ ಬಿಸಿ ಕಾಸ್ಟಿಕ್ ನೀರು ವರ್ಷವಿಡೀ ಸಿಲಿಕೇಟ್ ಒಣಗಿ ಕಟ್ಟಿದ್ದ ಆ ಹಕ್ಕಳೆಯನ್ನು ಕರಗಿಸಿ ಕಬ್ಬಿಣಕ್ಕೆ ಕೊಟ್ಟಿತ್ತು. ಎರಡನೆಯ ಸಲ ಕರಗಿಸಲು ಏನೂ ಉಳಿದಿರಲಿಲ್ಲ.

ಹೇಳಿದೆ. ಅಕ್ಕಾರ ಮುಖ ಗಂಟಿಕ್ಕಿತು. “ತಪ್ಪ ನನ್ನ ಮ್ಯಾಲ ಹೊರಸಾಕ ಬಂದೀಯೇನು? ಡಬರಿ ತಿಕ್ಕಲಿಲ್ಲಂತ ಬೈದು ಬೈದು ನಮ್ಮತ್ತಿ ಸತ್ತಳು. ಈಗ ನೀ ಬಂದು, ಯಾಕ ತಿಕ್ಕಿದಿ ಅಂತಿ.”

ಇಬ್ಬರಿಗೂ ನಗೆ ಬಂತು, ಇಬ್ಬರೂ ನಗಲಿಲ್ಲ. ಹಿಡಿಕೆಯ ಬುಡದಲ್ಲಿ ಇಟ್ಟಂಗಿ ಪುಡಿ ತಲುಪದ ಒಂದು ಸಂದು ಇತ್ತು. ಅಲ್ಲಿಂದ ಚಿಟಿಕೆಯಷ್ಟು ಕೆರೆದುಕೊಂಡೆ. ಬಾಗಲಕೋಟೆಯಲ್ಲಿ ಸಿಲಿಕಾ ಇದ್ದರೆ ನೀಲಿಯಾಗುವ ಮಾಲಿಬ್ಡೇಟ್ ಪರೀಕ್ಷೆಗೆ ಹಾಕಿದೆ. ಕಡುನೀಲಿ ಬಂತು.

ಮೂರನೆಯ ಪುಡಿಯನ್ನು ಡಿಸೆಂಬರ್ 10ರಂದು ಮಾಡಿದೆವು. ಈ ಸಲ ಸಿಲಿಕೇಟನ್ನು ಅಳೆದು ಹಾಕಿದೆವು, ಐದು ಕಬ್ಬಿಣಕ್ಕೆ ಒಂದು ಸಿಲಿಕಾನ್. ಕೇಂದ್ರದವರು ಅಳೆದು ಕಳಿಸಿದ ಗೆರೆಯಲ್ಲಿ 1.6ರ ಉಬ್ಬು ಮರಳಿತ್ತು, ಬಲಗಡೆ ಒಂಬತ್ತರ ಹೊತ್ತಿಗೆ ಸಪಾಟು. ಹಿರಿಯರು ಪೇಢೆ ತರಿಸಿದರು. ನಾನು ಲೋಟ ತೊಳೆದೆ. ಐದು ಲೋಟ ತಿಳಿಯಾದವು. ಆರನೆಯದು ಗುಲಾಬಿಯಾಗಿ ಉಳಿಯಿತು. ಮೂರು ಸಲ ಮೊದಲಿನಿಂದ ಮಾಡಿದೆ, ಮೂರು ಸಲವೂ ಆರನೆಯದಕ್ಕೆ ನಿಂತಿತು. ಹನ್ನೊಂದು ಲೋಟದ ಗುಟ್ಟಿನಲ್ಲಿ ಸಿಲಿಕಾನ್ ಅರ್ಧ ಮಾತ್ರ. ಉಳಿದರ್ಧ ಏನೆಂದು ಗೆರೆ ಹೇಳಲಿಲ್ಲ. ಗಡಸು ನೀರಿನ ಸುಣ್ಣವೋ, ಹಳೆಯ ಬಣ್ಣಗಳ ತಾಮ್ರವೋ, ಅಥವಾ ಹಕ್ಕಳೆ ಕರಗುವಾಗಿನ ನಿಧಾನವೋ.

ಅಧಿಕಾರಿ ಬರುವ ಎರಡು ದಿನ ಮುಂಚೆ ಅಕ್ಕಾರು ಫೋನ್ ಮಾಡಿದರು. ಮೊದಲ ಪುಡಿ ಉಳಿದಿದೆಯೇ ಎಂದು ಕೇಳಿದರು. ಉಳಿದಿತ್ತು, ಲೋಟದ ಪರೀಕ್ಷೆಗೆ ಸಾಕಾಗುವಷ್ಟು. “ಅದನ್ನ ತಗೊಂಡ ಬಾ. ಒಂದ ದಿನಾ ತೋರ್ಸಿಬಿಡವಾ. ಆಮ್ಯಾಲಿಂದು ಆಮ್ಯಾಲ.”

ನಾನು ನೋಡೋಣ ಎಂದೆ. ಡಿಸೆಂಬರ್ 29ರ ಮುಂಜಾನೆ ಆ ಬಾಟಲಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಹಿರಿಯರ ಕೈಗೆ ಕೊಟ್ಟು ಬಸ್ ಹತ್ತಿದೆ. ಕೀಲಿ ನನ್ನ ಬಳಿ ಇದ್ದರೆ ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

ಅಧಿಕಾರಿ ಹನ್ನೊಂದಕ್ಕೆ ಬಂದರು. ಮೂರನೆಯ ಪುಡಿಯನ್ನು ಲೋಟಕ್ಕೆ ಹಾಕಿದೆ. ಮೊದಲನೆಯ ನೀರು ತಿಳಿಯಾಯಿತು. ಎರಡನೆಯದೂ ಆಯಿತು. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು. ಅಕ್ಕಾರು ಚಹಾ ತರಲು ಒಳಗೆ ತಿರುಗಿದ್ದರು.

“ಇನ್ನೂ ಐತ್ರಿ ಸರ್,” ಎಂದೆ. “ಆರನೇದು ನೋಡಿ ಬರೀರಿ.”

ಅಕ್ಕಾರು ಬಾಗಿಲಲ್ಲೇ ನಿಂತರು. ಆರನೆಯದಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದು ಗುಲಾಬಿಯಾಗಿಯೇ ಉಳಿಯಿತು. ಐದು ಸಲಕ್ಕೊಮ್ಮೆ ಪುಡಿ ಬದಲಿಸಬೇಕು, ಶೆಡ್ಡಿನ ಇನ್ನೊಂದು ಬಣ್ಣವಾದ ಕಪ್ಪಿನ ಮೇಲೆ ಇನ್ನೂ ಪರೀಕ್ಷೆ ಮಾಡಿಲ್ಲ ಎಂದು ಹೇಳಿದೆ. ಅವರು ಬಹಳ ಹೊತ್ತು ಬರೆದರು. ಕೆಂಪು ನೂಲಿಗೆ ಮಾತ್ರ ಅನುಮತಿ, ತೊಟ್ಟಿ ಆದ ಮೇಲೆ. ಕಪ್ಪು ನಿಲ್ಲಿಸಬೇಕು. ಮೂರು ತಿಂಗಳಿಗೆ ಮತ್ತೆ ಬರುತ್ತೇನೆ. ಬೀಗ ಬೀಳಲಿಲ್ಲ, ಅರ್ಧ ಕೆಲಸ ನಿಂತಿತು.

ಅವರು ಹೋದ ಮೇಲೆ ಅಕ್ಕಾರು ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿದರು. “ಎರಡನೇ ಗ್ಲಾಸಿಗೆ ಹೊಂಟಿದ್ದನಲ್ಲವಾ ಅಂವ.”

ಹಾಗೆ ಹೋಗಿದ್ದರೆ ತೊಟ್ಟಿ ಕಟ್ಟಿಸಿದ ವಾರಕ್ಕೇ ಕೆಂಪು ನೀರು ಗಟಾರಕ್ಕೆ ಹೋಗುತ್ತಿತ್ತು, ಆಗ ಬೀಗ ಪೂರ್ತಿ ಬೀಳುತ್ತಿತ್ತು ಎಂದೆ.

“ನಂಬತೇನಿ ಅಂತ ತಿಳೀಬ್ಯಾಡ,” ಎಂದರು. ಚಹಾ ಆರಿತ್ತು. ಮತ್ತೆ ಬಿಸಿ ಮಾಡಿ ತಂದು ಕೊಟ್ಟರು. “ಕರೇದಕ್ಕ ಯಾವಾಗ ಹಿಡೀತಿ? ಸೋಮವಾರ ಬಾ.”

ಹೋಗುತ್ತಿದ್ದೇನೆ. ಕಪ್ಪಿನ ಮೇಲೆ ಇಲ್ಲಿಯವರೆಗೆ ನಾಲ್ಕು ಪುಡಿ ಮಾಡಿದ್ದೇವೆ. ಯಾವುದೂ ಎರಡನೆಯ ಲೋಟ ದಾಟಿಲ್ಲ.

ಕಬ್ಬಿಣದ ಇಂಥ ಪುಡಿಗೆ ಸಿಲಿಕಾ ಅಲ್ಲದೆ ಇನ್ನೇನು ಬಲ ಕೊಡುತ್ತದೆಂದು ತಿಳಿದವರಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಸೋತ ಪ್ರಯತ್ನವಾದರೂ ಸರಿ, ಅಳತೆಗಳ ಸಮೇತ ಬರಲಿ. ಗುಳೇದಗುಡ್ಡ, ರಬಕವಿ, ಇಳಕಲ್ಲಿನ ಬಣ್ಣದ ಮನೆಗಳಲ್ಲಿ ಬಿಳಿ ಹಕ್ಕಳೆ ಹಿಡಿದ ಡಬರಿ ಯಾರ ಬಳಿಯಾದರೂ ಇದ್ದರೆ ಅವರೂ ಒಂದು ಸಾಲು ಬರೆಯಲಿ. ನಾನೇ ಬಂದು ನೋಡುತ್ತೇನೆ. ನಾನು ಬರುತ್ತೇನೆಂದು ದಯವಿಟ್ಟು ತಿಕ್ಕಿಡಬೇಡಿ.